ಮೂರನೆಯ ಗುರುತು

ಶನಿವಾರ ಬೆಳಿಗ್ಗೆ ಬೃಂದಾ ಮಹಡಿಯಿಂದ ಇಳಿದು ಬಂದು ಎರಡು ದೊಡ್ಡ ಫೋಟೋಗಳನ್ನು ನನ್ನ ಊಟದ ಮೇಜಿನ ಮೇಲಿಟ್ಟಳು.

"ಆಂಟಿ, ಇವುಗಳ ಅಂಚು ಕತ್ತರಿಸಿಕೊಡ್ತೀರಾ? ನಾನು ಕತ್ತರಿಸಿದ್ರೆ ಹಾವು ಹರಿದ ಹಾಗಾಗುತ್ತೆ. ಫೈಲಿಗೆ ಹಾಕಿ ಮುಗಿಸಿಬಿಡ್ತೀನಿ."

ಎರಡು ವಾರದಿಂದ ಇಲ್ಲದಿದ್ದ ನೆಮ್ಮದಿ ಅವಳ ಮುಖದಲ್ಲಿತ್ತು. ಅವಳಿಗೆ ಉಪ್ಪಿಟ್ಟು ಹಾಕಿಕೊಟ್ಟು, ಕನ್ನಡಕ ಒರೆಸಿಕೊಂಡು, ಅಡಿಕೋಲು ಹುಡುಕಿದೆ. ಮೂವತ್ತೊಂದು ವರ್ಷ ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟ್ರೇಸರ್ ಆಗಿದ್ದವಳು. ಅಂದರೆ, ಅಳತೆಯವರು ತಂದ ನಕ್ಷೆಯ ಮೇಲೆ ತೆಳು ಬಟ್ಟೆ ಹಾಸಿ, ಶಾಯಿಯಲ್ಲಿ ಗೆರೆ ತೆಗೆಯುವ ಕೆಲಸ. ಬಿ.ಎಸ್ಸಿ. ಮಾಡಿ ಗೆರೆ ಎಳೀತಾ ಕೂತಳಲ್ಲ ಎಂದು ಆಗ ಮನೆಯವರು ಬೇಸರಪಟ್ಟಿದ್ದರು. ನನಗೆ ಮಾತ್ರ ಆ ಕೆಲಸ ಇಷ್ಟವಿತ್ತು. ನಿವೃತ್ತಳಾಗಿ ಒಂಬತ್ತು ವರ್ಷವಾದ ಮೇಲೆ, ಎರಡು ಸಾವಿರದ ಎಂಟರ ಮಳೆಗಾಲದಲ್ಲಿ, ಬೃಂದಾ ಮತ್ತು ನಿರಂಜನ್ ನಮ್ಮ ಮಹಡಿಯ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಾಗ ನನ್ನ ಅಡಿಕೋಲಿಗೆ ಮತ್ತೆ ಕೆಲಸ ಬಂತು.

ಬೃಂದಾ ಶಿವಮೊಗ್ಗದ ಕಡೆಯವಳು, ಎಂಜಿನಿಯರು. ನಿರಂಜನ್ ಹಿರಿಯೂರಿನವನು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು ಈಗ ವಿಮಾನ ಹಾರಿಸುತ್ತಿದ್ದ. ವಿಮಾನವೆಂದರೆ ಒಳಗೆ ಜನ ಕೂರುವ ವಿಮಾನವಲ್ಲ. ರೆಕ್ಕೆಯ ತುದಿಯಿಂದ ತುದಿಗೆ ನನ್ನಷ್ಟು ಉದ್ದ, ಹಗುರ ಮರ ಮತ್ತು ಥರ್ಮೋಕೋಲಿನದು, ಹೊಟ್ಟೆಯಲ್ಲೊಂದು ಕ್ಯಾಮೆರಾ. ಅದನ್ನು ಓಡಿಬಂದು ಕೈಯಿಂದ ಎಸೆಯಬೇಕು. ಆಮೇಲೆ ನಿರಂಜನ್ ಕೊರಳಿಗೆ ನೇತುಹಾಕಿಕೊಂಡ ಪೆಟ್ಟಿಗೆಯ ಕಡ್ಡಿಗಳನ್ನು ಅತ್ತಿತ್ತ ಮಾಡಿದರೆ ಅದು ಮೇಲೇರಿ ಸುತ್ತುತ್ತಾ ಕ್ಷಣಕ್ಷಣಕ್ಕೂ ನೆಲದ ಫೋಟೋ ತೆಗೆಯುತ್ತಿತ್ತು. ಇಂಥವಕ್ಕೆ ಡ್ರೋನ್ ಅನ್ನುತ್ತಾರೆ ಎಂದು ಬೃಂದಾ ಒಮ್ಮೆ ಹೇಳಿದ್ದಳು. ಹಟ್ಟಿಯವರು ಬೊಂಬೆ ವಿಮಾನ ಅನ್ನುತ್ತಿದ್ದರು.

ಆ ಹಟ್ಟಿ ಇದ್ದದ್ದು ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಹೋಗುವಾಗ ಬಲಕ್ಕೆ ಸಿಗುವ ಗುಡ್ಡಗಳ ಬುಡದಲ್ಲಿ. ಕುರಿ ಕಾಯುವವರ ಹತ್ತೊಂಬತ್ತು ಮನೆ, ಸುತ್ತ ಕಾರೆಮುಳ್ಳಿನ ಬೇಲಿ. ಮೇಲೆ ಒಂದು ಅದಿರಿನ ಗಣಿ. ಅದಿರು ತೆಗೆದ ಮೇಲೆ ಉಳಿದ ಕೆಂಪು ಮಣ್ಣನ್ನು ಗಣಿಯವರು ಹಟ್ಟಿಯ ಮೇಲ್ಗಡೆಯ ಇಳಿಜಾರಿನಲ್ಲಿ ಸುರಿದು ಸುರಿದು ಇನ್ನೊಂದು ಗುಡ್ಡವನ್ನೇ ಎಬ್ಬಿಸಿದ್ದರು. ಮಳೆ ನೀರು ಕುಡಿದು ಆ ಮಣ್ಣಿನ ಗುಡ್ಡೆ ಕೆಳಕ್ಕೆ ಜರುಗುತ್ತಿದೆಯೇ ಇಲ್ಲವೇ ಎಂಬುದನ್ನು ಹೇಳುವುದೇ ಬೃಂದಾಳ ಕೆಲಸ. ಹನ್ನೆರಡು ದಿನದ ಅಂತರದಲ್ಲಿ ಎರಡು ಸಲ ಫೋಟೋ ತೆಗೆದು, ಒಂದರ ಮೇಲೊಂದು ಇಟ್ಟು ನೋಡಬೇಕು. ಜರುಗಿದ್ದರೆ ಹಟ್ಟಿಯನ್ನು ತೆರವು ಮಾಡಿಸಬೇಕು.

ಜರುಗಿಲ್ಲ ಎಂದು ಲೆಕ್ಕ ಬಂದಿತ್ತು. ಶುಕ್ರವಾರ ಸಂಜೆ ಬೃಂದಾ ಸಹಿ ಹಾಕಿ ವರದಿ ಕಳಿಸಿ, ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡಿದ್ದಳು.

ಹಳೆಯ ಫೋಟೋದ ಅಂಚು ಕತ್ತರಿಸಿದೆ. ಹೊಸದನ್ನು ಎಳೆದುಕೊಂಡೆ. ಕೆಳಗಿನ ಮೂಲೆಯಲ್ಲಿ ಹಟ್ಟಿಯ ಬೇಲಿ, ಅದರಾಚೆ ಒಂದು ಪುಟ್ಟ ಗುಡಿಸಲ ನೆತ್ತಿ, ಅದರ ಪಕ್ಕದಲ್ಲಿ ಸುಣ್ಣದಲ್ಲಿ ಬಳಿದ ಅಡ್ಡಗೆರೆ ಉದ್ದಗೆರೆಯ ಗುರುತು. ಫೋಟೋಗಳನ್ನು ಒಂದಕ್ಕೊಂದು ಕೂಡಿಸಲು ಇಂಥ ಗುರುತುಗಳು ನೆಲದ ಮೇಲೆ ಇರಲೇಬೇಕು. ನಿರಂಜನ್ ನಾಲ್ಕು ಬಳಿದಿದ್ದ. ಎರಡು ಮೇಲೆ ಬಂಡೆಗಳ ಮೇಲೆ, ಒಂದು ಲಾರಿ ದಾರಿಯ ಪಕ್ಕ, ಒಂದು ಹಟ್ಟಿಯ ಹತ್ತಿರ. ಲಾರಿ ದಾರಿಯದು ಧೂಳಿನಲ್ಲಿ ಮುಚ್ಚಿಹೋಗಿ ಎರಡನೆಯ ಸಲ ಕಾಣಲಿಲ್ಲ. ಮೂರು ಸಾಕು ಎಂದು ಬೆಂಗಳೂರಿನ ಅವರ ಸಾಹೇಬರು ಫೋನಿನಲ್ಲಿ ಹೇಳಿದ್ದರು.

ನಾನು ಭೂತಗನ್ನಡಿ ತಂದೆ. ಹಟ್ಟಿಯ ಹತ್ತಿರದ ಗುರುತಿನ ನಾಲ್ಕು ಮೂಲೆಗಳಲ್ಲಿ ನಾಲ್ಕು ಬಿಳಿ ಚುಕ್ಕೆಗಳಿದ್ದವು.

"ಬೃಂದಾ, ನಿರಂಜನ್ ಗುರುತು ಬಳಿಯೋವಾಗ ಚುಕ್ಕೆ ಇಡ್ತಾನಾ?"

"ಚುಕ್ಕೆ ಎಂಥದು? ಹಲಗೆಯಲ್ಲಿ ಅಚ್ಚು ಮಾಡಿಕೊಂಡಿದಾನೆ. ಅದನ್ನ ನೆಲದ ಮೇಲಿಟ್ಟು ಸುಣ್ಣ ಹೊಡೀತಾನೆ ಅಷ್ಟೆ."

ಹಳೆಯ ಫೋಟೋ ನೋಡಿದೆ. ಅದೇ ಗುರುತು, ತುದಿಗಳು ಕತ್ತರಿಸಿದ ಹಾಗೆ ಚೌಕ, ಚುಕ್ಕೆಯಿಲ್ಲ. ಹೊಸದರಲ್ಲಿ ತುದಿಗಳು ದುಂಡಗೆ. ಇದು ಹಲಗೆಯ ಅಚ್ಚಲ್ಲ. ಗೆರೆ ಎಳೆದ ಮೇಲೆ ನಾಲ್ಕು ಮೂಲೆ ಖಾಲಿ ಬಿಡಲು ಮನಸ್ಸು ಬಾರದ ಯಾರೋ ಹೆಂಗಸು ಕೈಯಿಂದ ಬಳಿದದ್ದು. ದಿನಾ ಬಾಗಿಲ ಮುಂದೆ ರಂಗೋಲಿ ಇಡುವ ನನಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಳೆಯ ಫೋಟೋದಲ್ಲಿ ಆ ಪುಟ್ಟ ಗುಡಿಸಲೂ ಇರಲಿಲ್ಲ.

ಬೃಂದಾಳ ಕೈಯಲ್ಲಿದ್ದ ಚಮಚ ತಟ್ಟೆಗೆ ತಾಗಿ ಸದ್ದಾಯಿತು. "ಯಾರೋ ಜರುಗಿಸಿದಾರೆ" ಎಂದಳು.

ಅದರ ಅರ್ಥ ನನಗೂ ತಿಳಿಯಿತು. ಬಟ್ಟೆಯ ಮೇಲೆ ನಕ್ಷೆ ತೆಗೆಯುವಾಗ ನಾವು ಮೂಲೆಗಳಿಗೆ ಗುಂಡುಸೂಜಿ ಚುಚ್ಚುತ್ತಿದ್ದೆವು. ಒಂದು ಸೂಜಿ ಜರುಗಿದರೆ ಇಡೀ ಬಟ್ಟೆ ಎಳೆದುಕೊಳ್ಳುತ್ತದೆ. ಗೆರೆಗಳೆಲ್ಲ ನೋಡಲು ಸರಿಯಾಗಿಯೇ ಇರುತ್ತವೆ, ಆದರೆ ಹೊಲ ತನ್ನ ಜಾಗದಲ್ಲಿ ಇರುವುದಿಲ್ಲ. ನಾಲ್ಕನೆಯ ಸೂಜಿ ಇದ್ದರೆ ತಪ್ಪು ತಾನಾಗಿ ಹೊರಬೀಳುತ್ತದೆ. ಮೂರೇ ಇದ್ದಾಗ ಯಾವ ಸೂಜಿ ಸುಳ್ಳು ಹೇಳಿದರೂ ಬಟ್ಟೆ ಒಪ್ಪಿಕೊಳ್ಳುತ್ತದೆ.

"ಹಾಗಾದ್ರೆ ಗುಡ್ಡೆ ಜರುಗಿಲ್ಲ ಅಂತ ನಾನು ಬರೆದದ್ದು..." ಬೃಂದಾ ಮಾತು ಮುಗಿಸದೆ ಮಹಡಿಗೆ ಓಡಿದಳು.

ಸಾಹೇಬರು ಫೋನಿನಲ್ಲಿ, ಸೋಮವಾರ ನೋಡೋಣ, ಗಾಬರಿ ಹುಟ್ಟಿಸಬೇಡ ಎಂದರಂತೆ. ಕಿಟಕಿಯಾಚೆ ಜೋಗಿಮಟ್ಟಿ ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು. ನಿರಂಜನ್ ಜೀಪು ಹೊರಡಿಸಿದ. ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಛತ್ರಿ ಹಿಡಿದು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ. ನಿರಂಜನ್ ಕೆಳಗಿಳಿದು ಬಂದು, ತನ್ನ ಸ್ವೆಟರ್ ಮಡಿಸಿ ನನ್ನ ಬೆನ್ನಿನ ಹಿಂದೆ ಇಟ್ಟು, ಮತ್ತೆ ಸ್ಟೇರಿಂಗ್ ಹಿಡಿದ.

ಜೀಪು ಹೊಳಲ್ಕೆರೆ ದಾಟಿತು.

"ಎರಡನೇ ಸಲ ಆ ಗುರುತಿನ ಹತ್ರ ಹೋಗಿದ್ಯಾ ನಿರಂಜನ್?" ಬೃಂದಾ ಕೇಳಿದಳು.

"ಇಲ್ಲ ಮೇಡಂ. ಅವತ್ತು ಗಾಳಿ ತಿರುಗಿತ್ತು, ಮೇಲಿಂದ ಹಾರಿಸ್ದೆ. ದುರ್ಬೀನಲ್ಲಿ ನೋಡ್ದೆ. ಬೆಳ್ಳಗೆ ಕಾಣ್ತು. ಐತಲ್ಲ ಅಂತ ಬಿಟ್ಟೆ." ಗೇರ್ ಬದಲಿಸಿ, "ಇನ್ನೊಂದು ತಪ್ಪು ಮಾಡೀನಿ. ಮೊದಲ ದಿನ ಹಟ್ಟಿಯೋರಿಗೆ, ಇದನ್ನ ಯಾರಾರ ಅಳಿಸಿದ್ರೆ ಪೊಲೀಸ್ ಕೇಸ್ ಆಗ್ತೈತೆ ಅಂದಿದ್ದೆ. ತಮಾಷೆಗೆ" ಎಂದ.

ಬೃಂದಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹಟ್ಟಿಯ ಬೇಲಿಯ ಹತ್ತಿರ ಜೀಪು ನಿಂತಾಗ ಹನ್ನೆರಡು ಗಂಟೆ. ಹನಿ ಶುರುವಾಗಿತ್ತು. ಮೇಲೆ ಆ ಮಣ್ಣಿನ ಗುಡ್ಡೆ ಹಸಿ ಮಾಂಸದ ಬಣ್ಣಕ್ಕೆ ತಿರುಗಿತ್ತು. ಗಣಿಯ ಎಂಜಿನಿಯರು ಮುರುಗೇಶಪ್ಪ ನಮ್ಮ ಜೀಪು ಕಂಡು ಮೇಲಿನಿಂದ ಇಳಿದು ಬಂದರು. ಐವತ್ತು ದಾಟಿದ, ಮಾತಾಡುವಾಗ ಶರ್ಟಿನ ಗುಂಡಿ ತಿರುಗಿಸುವ ಮನುಷ್ಯ.

"ಯಾಕೆ ಮೇಡಂ, ವರದಿ ಬಂತಲ್ಲ. ಓದಿ ನೆಮ್ಮದಿಯಾತು ನಂಗೆ."

"ವರದಿ ತಪ್ಪಿರಬಹುದು ಸರ್" ಎಂದಳು ಬೃಂದಾ.

ಮುರುಗೇಶಪ್ಪ ಗುಂಡಿ ತಿರುಗಿಸುವುದನ್ನು ನಿಲ್ಲಿಸಿದರು. "ಗುಡ್ಡೆ ನೆತ್ತಿ ಮೇಲೆ ಒಂದು ಬಿರುಕು ಐತೆ. ಕೈ ಹೋಗುವಷ್ಟು. ಮಂಗಳವಾರ ಕಂಡಿದ್ದು, ಮಣ್ಣು ಮುಚ್ಚಿಸಿದ್ದೆ. ನಿನ್ನೆ ನಿಮ್ಮ ವರದಿ ನೋಡಿ, ಬರೇ ಬಿಸಿಲಿಗೆ ಬಿಟ್ಟಿರಬೇಕು ಅಂದ್ಕಂಡೆ."

"ಈಗ?"

"ಬೆಳಿಗ್ಗೆ ಮತ್ತೆ ಬಿಟ್ಟೈತೆ."

ಗುರುತು ಮೊದಲು ಎಲ್ಲಿತ್ತೋ ಅದು ಗೊತ್ತಾಗದೆ ಗುಡ್ಡೆ ಎಷ್ಟು ಜರುಗಿದೆ ಎಂದು ಹೇಳುವ ಹಾಗಿರಲಿಲ್ಲ. ಬಿರುಕೊಂದನ್ನೇ ತೋರಿಸಿ ಹತ್ತೊಂಬತ್ತು ಮನೆ ಎಬ್ಬಿಸಲು ಗಣಿಯ ಮ್ಯಾನೇಜರ್ ಒಪ್ಪುವುದಿಲ್ಲ ಎಂದು ಮುರುಗೇಶಪ್ಪ ಹೇಳಿದರು. ಈ ಮಳೆಗಾಳಿಯಲ್ಲಿ ವಿಮಾನ ಹಾರಿಸುವಂತೆಯೂ ಇರಲಿಲ್ಲ. ನಾವು ಬೇಲಿಯ ಹೊರಗೆ, ಫೋಟೋದಲ್ಲಿ ಗುಡಿಸಲು ಕಂಡಿದ್ದ ಸಮನೆಲಕ್ಕೆ ಹೋದೆವು. ಗರಿ ಹೊದಿಸಿದ ಗುಡಿಸಲು ನನ್ನ ಎದೆಯ ಎತ್ತರಕ್ಕೂ ಇರಲಿಲ್ಲ. ಒಳಗೆ ಕೂಸು ಅಳುತ್ತಿತ್ತು. ಹೆರಿಗೆಯಾದ ಹೆಂಗಸು ಇಷ್ಟು ದಿನ ಬೇಲಿಯ ಹೊರಗೆ ಹೀಗೆ ಬೇರೆಯಾಗಿ ಇರಬೇಕು, ಅವಳನ್ನು ಮುಟ್ಟಿದವರೂ ಹೊರಗೇ ಉಳಿಯಬೇಕು ಎಂಬುದು ಆ ಹಟ್ಟಿಯ ಕಟ್ಟು. ಅವಳ ಊಟ ನೀರನ್ನು ದೂರದಲ್ಲಿಟ್ಟು ಹೋಗುತ್ತಿದ್ದರು.

ಹಟ್ಟಿಯ ಹಿರಿಯ ಪಾಲಯ್ಯ ಕಂಬಳಿ ಹೊದ್ದು ಬಂದ. ಹಿಂದೆ ಅವನ ಹೆಂಡತಿ ನಿಂಗಕ್ಕ.

"ಮತ್ತೆ ಬಂದ್ಯೇನಪ್ಪ ವಿಮಾನದವ್ನೆ" ಎಂದ ಪಾಲಯ್ಯ. "ಇವತ್ತು ನಮ್ಮ ಕುರಿ ಬೆದರಿಸ್ಬ್ಯಾಡ. ಹೋದ ಸಲ ಮೂರು ದಿನ ಆಕಾಶ ನೋಡ್ತಾ ಮೇಯ್ದವು. ಹೊಟ್ಟೆ ತುಂಬ್ಲಿಲ್ಲ."

"ಇಲ್ಲ ಅಜ್ಜ, ಇವತ್ತು ಹಾರ್ಸಲ್ಲ. ಈ ಸುಣ್ಣದ ಗುರುತು ಯಾರು ಜರುಗಿಸಿದ್ದು?"

ಪಾಲಯ್ಯ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡಿದಳು.

"ನಾವು ಮುಟ್ಟಿಲ್ಲಪ್ಪ" ಎಂದಳು. "ನೀನು ಬಳಿದಲ್ಲೇ ಐತೆ."

"ಸತ್ಯ ಹೇಳಕ್ಕ, ಅರ್ಜೆಂಟೈತೆ."

"ಹೇಳ್ದೆನಲ್ಲ, ಮುಟ್ಟಿಲ್ಲ."

ಬೃಂದಾ ಒಂದು ಹೆಜ್ಜೆ ಮುಂದೆ ಬಂದು ದನಿ ಏರಿಸಿದಳು. ನಿಂಗಕ್ಕ ಎರಡು ಹೆಜ್ಜೆ ಹಿಂದೆ ಹೋದಳು. ಹೀಗೆ ಕೇಳುತ್ತಾ ಹೋದರೆ ಅವಳು ಬೇಲಿಯ ಒಳಗೆ ಹೋಗಿಬಿಡುತ್ತಾಳೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ ಅನ್ನಿಸಿತು. ಛತ್ರಿಯನ್ನು ಅವಳ ತಲೆಯ ಮೇಲೂ ಬರುವಂತೆ ಹಿಡಿದು ಪಕ್ಕದಲ್ಲಿ ನಿಂತೆ.

"ಅಚ್ಚಿಲ್ಲದೆ ಬರಿಗೈಯಲ್ಲಿ ಎಳೆದ ಹಾಗಿದೆ ಗೆರೆ. ಎಲ್ಲೂ ಕಡಿದಿಲ್ಲ" ಎಂದೆ. "ಚುಕ್ಕೆ ಇಟ್ಟಿದ್ದು ಬಹಳ ಚೆನ್ನಾಗಿದೆ."

ಅವಳು ನನ್ನ ಮುಖ ನೋಡಿದಳು. "ಬರೇ ಗೆರೆ ಬಿಟ್ರೆ ಬೋಳು ಬೋಳು ಕಾಣ್ತಿತ್ತಮ್ಮ."

"ಹೌದು. ನಾನಾದರೂ ಇಡ್ತಿದ್ದೆ."

"ಇವ್ರಿಗೆ ಕೆಟ್ಟದಾಗ್ಲಿ ಅಂತ ಮಾಡ್ಲಿಲ್ಲ. ಸೊಸೆಗೆ ನೋವು ಬಂತು. ಗುಡ್ಲು ಹಾಕೋದು ಯಾವತ್ತೂ ಇದೇ ಜಾಗ, ನಮ್ಮತ್ತೆ ಕಾಲ್ದಿಂದ. ನೋಡಿದ್ರೆ ನಡು ಮಧ್ಯೆ ಇವ್ರ ಗುರುತು. ಅಳಿಸಿದ್ರೆ ಕೇಸು ಅಂದಿದ್ನಲ್ಲ ಇವ್ನು. ಪಾಪ, ಅಳ್ಸಬಾರ್ದು ಅಂತ, ಸುಣ್ಣ ಕಲಸಿ ಈಚೆಗೆ ಅಂಥಾದ್ದೇ ಬಳಿದೆ. ನಂಗೇನು ಗೊತ್ತು." ಅವಳು ಛತ್ರಿಯ ಕೆಳಗೆ ನನ್ನ ಕಡೆ ತಿರುಗಿದಳು. "ಜೈಲಿಗೆ ಹಾಕ್ತಾರೇನಮ್ಮಾರೆ?"

"ಇಲ್ಲಕ್ಕ" ಎಂದ ನಿರಂಜನ್. ಅವನ ಮುಖ ಕಪ್ಪಿಟ್ಟಿತ್ತು. "ಹಂಗೆ ಅಂದಿದ್ದು ನನ್ನ ತಪ್ಪು. ಹಾಕೋದಾದ್ರೆ ನನ್ನ ಹಾಕ್ಲಿ."

"ಹಳೇದು ಸರಿಯಾಗಿ ಎಲ್ಲಿತ್ತು? ಅದು ಬೇಕು ನಮಗೆ" ಬೃಂದಾ ಕೇಳಿದಳು. ಈ ಸಲ ದನಿ ಇಳಿದಿತ್ತು.

ನಿಂಗಕ್ಕ ಉತ್ತರ ಹೇಳುವ ಮೊದಲೇ ಗುಡಿಸಲ ಒಳಗಿಂದ ಸಣ್ಣ ದನಿ ಬಂತು. "ಅತ್ತೆ, ಇಲ್ಲೈತೆ. ನನ್ನ ಚಾಪೆ ಕೆಳಗೆ. ಸುಣ್ಣ ಬೆನ್ನಿಗೆ ಹತ್ತಿ ಹತ್ತಿ ತುರಿಸ್ತೈತೆ."

ನಿರಂಜನ್ ಒಳಗೆ ಹೋಗುವಂತಿರಲಿಲ್ಲ. ಬೃಂದಾ ಟೇಪಿನ ತುದಿ ಹಿಡಿದುಕೊಂಡು ನಿಂತಳು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಸೆರಗು ಸಿಕ್ಕಿಸಿ, ಮೊಣಕಾಲೂರಿ ಆ ಗುಡಿಸಲೊಳಗೆ ಹೋದೆ. ದೇವಿಕಾ ಎಂಬ ಇಪ್ಪತ್ತರ ಹುಡುಗಿ, ಹನ್ನೊಂದು ದಿನದ ಕೂಸನ್ನು ಎದೆಗವಚಿಕೊಂಡು ಮೂಲೆಗೆ ಸರಿದಳು. ನನ್ನ ತಲೆಗೆ ಗರಿ ತಾಗದಿರಲೆಂದು ಒಂದು ಕೈಯಿಂದ ಸೂರನ್ನು ಎತ್ತಿ ಹಿಡಿದಳು. ಚಾಪೆ ಮಡಿಸಿದರೆ ಕೆಳಗೆ ಚೌಕ ತುದಿಯ ಗುರುತು, ಅರ್ಧ ಒರೆಸಿಹೋಗಿದ್ದರೂ ನಡುವಿನ ಜಾಗ ಸ್ಪಷ್ಟವಾಗಿತ್ತು. ಅದರ ಮೇಲೆ ಟೇಪಿನ ತುದಿಯನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದೆ.

"ಹನ್ನೆರಡೂವರೆ ಅಡಿ" ಎಂದು ಹೊರಗಿಂದ ನಿರಂಜನ್ ಕೂಗಿದ. "ಇಳಿಜಾರಿನ ಕೆಳಗಡೆಗೆ."

ಬೃಂದಾ ಜೀಪಿನಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿದಳು. ಹೆಚ್ಚೆಂದರೆ ಹತ್ತು ನಿಮಿಷ. ನಾನು ಗುಡಿಸಲ ಬಾಗಿಲಲ್ಲಿ ಕುಳಿತು ಗುಡ್ಡೆಯನ್ನೇ ನೋಡುತ್ತಿದ್ದೆ. ಗುಡ್ಡೆಯ ಬುಡಕ್ಕೂ ನನಗೂ ನಡುವೆ ಇದ್ದದ್ದು ನಮ್ಮ ಬೀದಿಯ ಉದ್ದದಷ್ಟು ಜಾಗ. ಗುಡ್ಡೆಯ ಮುಖದಿಂದ ಆಗೊಮ್ಮೆ ಈಗೊಮ್ಮೆ ಒಂದು ಕಲ್ಲು ಬಿಡಿಸಿಕೊಂಡು ಉರುಳುತ್ತಿತ್ತು. ಒಂದೊಂದು ಉರುಳಿದಾಗಲೂ ಇನ್ನೇನು ಅನ್ನಿಸುತ್ತಿತ್ತು. ದೇವಿಕಾ ಹಿಂದಿನಿಂದ, "ಅಮ್ಮಾರೆ, ಏನಾಗೈತೆ?" ಎಂದಳು. "ಲೆಕ್ಕ ನೋಡ್ತಿದಾರೆ ತಾಯಿ" ಎಂದೆ.

ಬೃಂದಾ ಜೀಪಿನಿಂದ ಇಳಿದು ಬಂದಳು. "ಒಂಬತ್ತು ಅಡಿ ಜರುಗಿದೆ. ಹನ್ನೆರಡು ದಿನದಲ್ಲಿ. ಮಳೆ ಇನ್ನೂ ಹಿಡಿಯೋ ಮೊದಲು. ಗುರುತೂ ಅದೇ ಕಡೆ ಜರುಗಿದ್ದಕ್ಕೆ ನಮಗೆ ಕಾಣಲಿಲ್ಲ." ಮುರುಗೇಶಪ್ಪನ ಕಡೆ ತಿರುಗಿ, "ನಾನೇ ಸಹಿ ಹಾಕಿದ್ದೆ, ಜರುಗಿಲ್ಲ ಅಂತ" ಎಂದಳು.

ಮುರುಗೇಶಪ್ಪ ಸಿಗ್ನಲ್ ಸಿಗುವಲ್ಲಿಗೆ ಮೇಲೆ ಹತ್ತಿ ಮ್ಯಾನೇಜರಿಗೆ ಫೋನ್ ಮಾಡಿದರು. ಕೆಳಗಿಳಿದು ಬಂದು, "ಸೋಮವಾರ ಅಂತಾರೆ" ಎಂದರು. "ಎರಡು ಟಿಪ್ಪರ್ ಖಾಲಿ ನಿಂತಾವೆ. ಕಳಿಸ್ತೀನಿ. ಮುಂದಿನ ಊರಿನ ಶಾಲೆ ಬೀಗದ ಕೈ ಮೇಷ್ಟ್ರ ಮನೇಲಿ ಸಿಗ್ತೈತೆ, ನಾನೇ ಹೋಗಿ ಈಸ್ಕಂಬರ್ತೀನಿ" ಎಂದು ಹೊರಟರು. ಅವರ ನೌಕರಿ ಮುಗಿಯಲು ಇನ್ನೂ ಮೂರು ವರ್ಷವಿತ್ತು ಎಂದು ಆಮೇಲೆ ತಿಳಿಯಿತು.

ಪಾಲಯ್ಯ ಮಾತ್ರ ಅಲುಗಲಿಲ್ಲ.

"ನಿನ್ನೆ ಏನೂ ಆಗಲ್ಲ ಅಂತ ಬರೆದ್ರಿ. ಇವತ್ತು ಮನೆ ಬಿಡ್ರಿ ಅಂತೀರಿ. ನಾಳೆ ಏನಂತೀರಿ? ಗಣಿಯೋರು ಈ ಜಾಗ ಕೇಳಿ ಎರಡು ವರ್ಷ ಆತು. ನಾವು ಅತ್ಲಾಗೆ ಹೋಗೋದೇ ತಡ, ಇತ್ಲಾಗೆ ತಂತಿ ಬೇಲಿ ಹಾಕ್ತಾರೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಬೃಂದಾ ಫೋಟೋ ತೋರಿಸಿದಳು. ಪಾಲಯ್ಯ ಅದನ್ನು ತಿರುವಿ ಮುರುವಿ ನೋಡಿ ವಾಪಸು ಕೊಟ್ಟ. "ಮ್ಯಾಲಿಂದ ನೋಡಿದ್ರೆ ನಂಗೆ ನಮ್ಮನೇನೇ ಗುರ್ತು ಸಿಗಲ್ಲ ತಾಯಿ."

ಆಗ ನಿರಂಜನ್, "ಅಜ್ಜ, ಗುಡ್ಡೆ ಬುಡ ಮೊದ್ಲು ಎಲ್ಲಿತ್ತು ಅಂತ ನಿಂಗೆ ಗೊತ್ತಿರ್ಬೇಕಲ್ಲ. ದಿನಾ ಓಡಾಡ್ತೀಯ" ಎಂದ.

ಪಾಲಯ್ಯ ಮೇಲಕ್ಕೆ ನೋಡಿದ. ಬಹಳ ಹೊತ್ತು ನೋಡಿದ.

"ಗುಡ್ಡೆ ಬುಡಕ್ಕೂ ಅಲ್ಲಿ ಕಾಣೋ ಎರಡು ಗುಂಡುಕಲ್ಲಿಗೂ ನಡುವೆ ಕುರಿ ದಾರಿ ಇತ್ತು" ಎಂದ ಮೆಲ್ಲಗೆ. "ಎರಡು ಕುರಿ ಜೋಡಿ ಹೋಗ್ತಿದ್ವು. ಹೋದ ಅಮಾಸೆ ಆದ್ಮೇಲೆ ಕುರಿ ಆ ಕಡೆ ಹೋಗ್ತಾ ಇಲ್ಲ. ಸುತ್ತಿ ಬರ್ತಾವೆ. ಎದುರಿಗಿರೋ ದಾರಿ ಬಿಟ್ಟು ಯಾಕೆ ಸುತ್ತೀರಲೇ ಅಂತ ನಾನೇ ಕೋಲು ಬೀಸ್ದೆ." ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. "ದಾರಿ ಇರ್ಲಿಲ್ಲ ಅನ್ನು. ನಾನು ನೋಡ್ಲೇ ಇಲ್ಲ."

ಆಮೇಲೆ ಅವನು ಬೇಲಿಯ ಒಳಗೆ ಹೋಗಿ ಕೂಗಿದ. "ಎಲ್ಲಾರೂ ಹೊರಡ್ರಿ. ಶಾಲೆಗೆ ಹೋಗಾಣ. ಪಾತ್ರೆ ಗೀತ್ರೆ ಆಮೇಲೆ."

ಅವನು ಆಮೇಲೆ ಅಂದರೂ ಪಾತ್ರೆಗಳು ಬಂದವು, ಕಂಬಳಿಗಳು ಬಂದವು, ಒಬ್ಬ ಮುದುಕಿ ಬೀಸುಕಲ್ಲನ್ನು ಬಿಟ್ಟು ಬರಲು ಒಪ್ಪದೆ ಅದರ ಮೇಲೆಯೇ ಕುಳಿತಳು. ಟಿಪ್ಪರ್ ಚಾಲಕ ಬೋರಪ್ಪ, "ಅಜ್ಜಿ, ನೀನು ಹತ್ತು, ಕಲ್ಲಿಗೂ ಸೀಟು ಕೊಡ್ತೀನಿ" ಎಂದು ಎರಡನ್ನೂ ಎತ್ತಿ ಹಾಕಿಕೊಂಡ. ಕೊನೆಗೆ ಹಟ್ಟಿಯ ದೇವರ ಪೆಟ್ಟಿಗೆಯನ್ನು ಇಬ್ಬರು ತಲೆಯ ಮೇಲೆ ಹೊತ್ತು ಬಂದರು. ಅದು ಮುಂದೆ ಹೋಗಬೇಕು, ಉಳಿದವರು ಹಿಂದೆ. ಮಳೆ ಜೋರಾಯಿತು. ಗುಡ್ಡೆಯ ಮೈಮೇಲೆ ಸಣ್ಣ ಸಣ್ಣ ಕೆಂಪು ಕಾಲುವೆಗಳು ಇಳಿಯತೊಡಗಿದವು.

ದೇವಿಕಾ ಇನ್ನೂ ಗುಡಿಸಲಲ್ಲೇ ಇದ್ದಳು. ಹಟ್ಟಿಯವರ ಜೊತೆ ಅವಳು ಟಿಪ್ಪರ್ ಹತ್ತುವಂತಿರಲಿಲ್ಲ, ದೇವರ ಪೆಟ್ಟಿಗೆ ಇರುವ ಚಾವಣಿಯ ಕೆಳಗೆ ಇರುವಂತಿರಲಿಲ್ಲ. ನಮ್ಮ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದೆವು. ಅವಳು ಏಳಲು ಹೋಗಿ, ಕಾಲು ನಡುಗಿ ಮತ್ತೆ ಕುಳಿತಳು. ಮೈ ಕಾವೇರಿತ್ತು. ನಾನು ಒಬ್ಬಳೇ ಅವಳನ್ನೂ ಕೂಸನ್ನೂ ಹಿಡಿದು ಆ ಕೆಸರಿನಲ್ಲಿ ತರುವುದು ಆಗದ ಮಾತು. ಬೃಂದಾ ಅವಳ ತೋಳು ಹಿಡಿದಳು. ಕೂಸು ಉಳಿಯಿತು.

ಟಿಪ್ಪರ್ ಹತ್ತಲು ಕಾಲೆತ್ತಿದ್ದ ನಿಂಗಕ್ಕ ಕಾಲು ಇಳಿಸಿ ನಮ್ಮ ಕಡೆ ಬಂದಳು.

"ಏಯ್, ನೀನು ಮುಟ್ಟಿದ್ರೆ ಹಟ್ಟಿ ಒಳಗೆ ಬರಂಗಿಲ್ಲ" ಎಂದ ಪಾಲಯ್ಯ.

"ಹಟ್ಟೀನೇ ಬಿಟ್ಟು ಹೊಂಟೀವಿ. ಯಾವ ಹಟ್ಟಿ ಒಳಗೆ ಬರ್ಲಿ?" ಎನ್ನುತ್ತಾ ನಿಂಗಕ್ಕ ಬಗ್ಗಿ ಕೂಸನ್ನು ಎತ್ತಿಕೊಂಡು ಸೆರಗಿನೊಳಗೆ ಮುಚ್ಚಿದಳು. ಹನ್ನೊಂದು ದಿನದಲ್ಲಿ ಮೊಮ್ಮಗನನ್ನು ಅವಳು ಮುಟ್ಟಿದ್ದು ಅದೇ ಮೊದಲು. ಅದರ ಮುಖ ನೋಡಲು ನಿಲ್ಲದೆ ಜೀಪಿನ ಕಡೆ ನಡೆದಳು.

ಪಾಲಯ್ಯ ತನ್ನ ಕಂಬಳಿ ಬಿಚ್ಚಿ ಜೀಪಿನ ಬಾನೆಟ್ಟಿನ ಮೇಲೆ ಇಟ್ಟು, ಕುರಿ ತಿರುಗಿಸಲು ಮಳೆಯಲ್ಲಿ ಬರಿಮೈಯಲ್ಲಿ ಹೊರಟ.

ಶಾಲೆಯ ಎರಡು ಕೋಣೆಗಳಲ್ಲಿ ಹಟ್ಟಿಯವರು ತುಂಬಿಕೊಂಡರು. ಅಂಗಳದಾಚೆ ಬಿಸಿಯೂಟದ ಅಡುಗೆಕೋಣೆಗೆ ಬೇರೆ ಚಾವಣಿ. ದೇವಿಕಾ, ನಿಂಗಕ್ಕ, ಕೂಸು, ಬೃಂದಾ ಮತ್ತು ನಾನು ಅಲ್ಲಿ ಕುಳಿತೆವು. ಶಾಲೆ ದಿಬ್ಬದ ಮೇಲಿತ್ತು. ಬಾಗಿಲಿನಿಂದ ನೋಡಿದರೆ ದೂರದಲ್ಲಿ ಗುಡ್ಡೆಯ ನೆತ್ತಿ ಮಾತ್ರ ಕಾಣುತ್ತಿತ್ತು. ಮೂರು ಗಂಟೆಯಾಯಿತು, ನಾಲ್ಕಾಯಿತು. ಮಳೆ ಸ್ವಲ್ಪ ನಿಂತಾಗ ಕೆಲವು ಗಂಡಸರು ವಾಪಸು ಹೋಗಿ ಕೋಳಿ ಹಿಡಿದುಕೊಂಡು ಬರುತ್ತೇವೆ ಎಂದರು. ಮುರುಗೇಶಪ್ಪ ಗೇಟಿಗೆ ಅಡ್ಡ ನಿಂತರು.

"ನನ್ನ ಲೆಕ್ಕ ಈಗಲೂ ತಪ್ಪಾಗಿದ್ರೆ?" ಬೃಂದಾ ನನಗೆ ಮಾತ್ರ ಕೇಳುವಂತೆ ಅಂದಳು. "ಸುಮ್ಮನೆ ಎಬ್ಬಿಸಿದ ಹಾಗಾಯ್ತು ಇವರನ್ನ."

"ತಪ್ಪಾಗಿದ್ದರೆ ನಾಳೆ ಬೈಸಿಕೊಳ್ಳೋಣ" ಎಂದೆ. ಬೆಳಗಿನ ಅರ್ಧ ತಟ್ಟೆ ಉಪ್ಪಿಟ್ಟು ಬಿಟ್ಟರೆ ಅವಳು ಏನೂ ತಿಂದಿರಲಿಲ್ಲ. ಚೀಲದಲ್ಲಿದ್ದ ಬಿಸ್ಕತ್ತು ಕೊಟ್ಟರೆ ಕೈಯಲ್ಲೇ ಹಿಡಿದು ಕೂತಳು.

ಐದೂವರೆಯ ಹೊತ್ತಿಗೆ, ಇನ್ನೂ ಬೆಳಕಿರುವಾಗಲೇ, ಹತ್ತು ಟಿಪ್ಪರ್ ಒಟ್ಟಿಗೇ ಮಣ್ಣು ಸುರಿದಂಥ ಸದ್ದು ಬಂತು. ಅದು ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಬಾಗಿಲಿನಿಂದ ನೋಡಿದೆ. ಆ ನೆತ್ತಿ ಅಲ್ಲಿರಲಿಲ್ಲ.

ಶಾಲೆಯ ಕೋಣೆಯಲ್ಲಿ ಯಾರೂ ಕೂಗಲಿಲ್ಲ. ಮೊದಲು ಒಬ್ಬ ಹೆಂಗಸು, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮನೆಯವರ ಹೆಸರು ಹಿಡಿದು ಕರೆಯುತ್ತಾ ಹೋದರು. ಎಲ್ಲ ಹೆಸರಿಗೂ ಓಗೊಟ್ಟರು. ಪಾಲಯ್ಯನ ಹೆಸರಿಗೆ ಮಾತ್ರ ಉತ್ತರ ಬರಲಿಲ್ಲ. ನಿಂಗಕ್ಕ ಕೂಸನ್ನು ನನ್ನ ತೊಡೆಗೆ ಹಾಕಿ ಹೊಸ್ತಿಲಿಗೆ ಹೋಗಿ ನಿಂತಳು. ಎಷ್ಟು ಹೊತ್ತೋ ಗೊತ್ತಿಲ್ಲ, ನನಗಂತೂ ಬಹಳ ಹೊತ್ತು ಅನ್ನಿಸಿತು. ಆಮೇಲೆ ದಿಬ್ಬದ ಕೆಳಗೆ ಮೊದಲು ಕುರಿಗಳ ಬೆನ್ನು ಕಂಡವು, ಅವುಗಳ ಹಿಂದೆ ಮೊಣಕಾಲವರೆಗೆ ಕೆಂಪು ಮಣ್ಣು ಮೆತ್ತಿಕೊಂಡ ಪಾಲಯ್ಯ.

ಅವನು ಅಂಗಳದಾಚೆ ನಿಂತೇ ಮಾತಾಡಿದ. ಗುಡಿಸಲಿದ್ದ ಜಾಗ, ಮೇಲ್ಗಡೆಯ ಬೇಲಿ, ಏಳು ಮನೆ ಮಣ್ಣಿನ ಕೆಳಗೆ ಹೋಗಿವೆ ಎಂದ. ನಿಂಗಕ್ಕ ಹೊಸ್ತಿಲಲ್ಲೇ ಕುಸಿದು ಕುಳಿತಳು.

"ನಾನು ಗುರುತು ಜರುಗಿಸಿದ್ದಕ್ಕೇ ಬಂತೇನಮ್ಮ ಅದು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಬೃಂದಾ ಅವಳ ಪಕ್ಕಕ್ಕೆ ಹೋಗಿ ಕುಳಿತಿದ್ದಳು. "ಇಲ್ಲಕ್ಕ. ಅದು ತಾನಾಗೇ ಬರ್ತಿತ್ತು. ನೋಡಬೇಕಾಗಿದ್ದೋರು ನಾವು. ಸರಿಯಾಗಿ ನೋಡಲಿಲ್ಲ. ನೀವು ಚುಕ್ಕೆ ಇಡದೇ ಇದ್ದಿದ್ರೆ ಇವತ್ತೂ ಗೊತ್ತಾಗ್ತಿರಲಿಲ್ಲ." ನಿಂಗಕ್ಕ ನಂಬಿದಳೋ ಇಲ್ಲವೋ. ಬೃಂದಾಳ ಒದ್ದೆ ಜಡೆಯನ್ನು ಎತ್ತಿ ಹಿಂಡಿ, ಬೆನ್ನ ಮೇಲೆ ಬಿಟ್ಟಳು.

ಬೆಳಿಗ್ಗೆ ಮಳೆ ನಿಂತಿತ್ತು. ಶಾಲೆಯ ಅಂಗಳದಲ್ಲಿ ಪಾಲಯ್ಯ ಕುರಿ ಎಣಿಸುತ್ತಿದ್ದ. ಗೇಟಿನ ಸಂದಿಯಲ್ಲಿ ಒಂದೊಂದಾಗಿ ಹೊರಗೆ ಬಿಡುತ್ತಾ, ಬಾಯಲ್ಲಿ ಸದ್ದಿಲ್ಲದೆ ಎಣಿಸಿ ಮುಗಿಸಿದ. ಮತ್ತೆ ಎಲ್ಲವನ್ನೂ ಒಳಗೆ ಹೊಡೆದು ಇನ್ನೊಮ್ಮೆ ಎಣಿಸಿದ. ಎರಡನೆಯ ಸಲ ಮುಗಿದಾಗ ಬೆರಳುಗಳನ್ನು ಮಡಿಸಿಕೊಂಡು ಅವನ್ನೇ ನೋಡುತ್ತಾ ನಿಂತ. ಕಡಿಮೆ ಬಿದ್ದ ಕುರಿಗೊಂದರಂತೆ ನಾಲ್ಕು ಬೆರಳು ಮಡಿಚಿದ್ದವು.

ಅಡುಗೆಕೋಣೆಯ ಬಾಗಿಲಲ್ಲಿ ಬೃಂದಾ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದಳು. ಹಟ್ಟಿಯ ಹೆಂಗಸರು ಮುದ್ದೆ ಮಾಡಿ, ಅಂಗಳದ ನಡುವೆ ಇಟ್ಟು ಹೋಗಿದ್ದರು. ಅವಳು ಮುರಿದಿರಲಿಲ್ಲ.

"ಅಜ್ಜ, ಕುರಿ ಎಲ್ಲಾ ಬಂದ್ವಾ?"

ಪಾಲಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಬಂದ್ವು ತಾಯಿ. ಎಲ್ಲಾ ಬಂದ್ವು. ನೀನು ಉಣ್ಣು."

ಅವಳು ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಮುದ್ದೆ ಮುರಿದಳು. ಅವಳು ಮೊದಲ ತುತ್ತು ನುಂಗುವವರೆಗೆ ಪಾಲಯ್ಯ ಅಲ್ಲೇ ನಿಂತಿದ್ದ. ಆಮೇಲೆ ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು, ಯಾರಿಗೂ ಹೇಳದೆ ಗುಡ್ಡೆಯ ಕಡೆಗೆ ಇಳಿದು ಹೋದ.